ಕೊಲಾಬಾ ನಿಲ್ದಾಣ ಮುಚ್ಚಿದ್ದೇಕೆ?

ಮುಂಬೈಯ ಪಶ್ಚಿಮ ಮಾರ್ಗದ ಲೋಕಲ್ ರೈಲುಗಳು ಇಂದು ಚರ್ಚ್‌ಗೇಟ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಆದರೆ ಚರ್ಚ್‌ಗೇಟ್ ಮೊದಲು ನಡುವಿನ ನಿಲ್ದಾಣವಾಗಿತ್ತು. ಹಳಿ ಓವಲ್ ಮೈದಾನದ ಪಶ್ಚಿಮ ಅಂಚಿನಲ್ಲಿ ಹಾದು, ಇನ್ನಷ್ಟು ದಕ್ಷಿಣಕ್ಕಿದ್ದ ಕೊಲಾಬಾ ಟರ್ಮಿನಸ್ ತಲುಪುತ್ತಿತ್ತು. 1930ರ ಡಿಸೆಂಬರ್ 31ರಂದು ಆ ನಿಲ್ದಾಣ ಮುಚ್ಚಿತು. ಪ್ರಯಾಣಿಕರಿಲ್ಲದೆ ಸೊರಗಿ ಮುಚ್ಚಿರಬೇಕೆಂದು ಊಹಿಸುವುದು ಸುಲಭ. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಊಹೆ ನಿಲ್ಲುವುದಿಲ್ಲ.

ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಹಳಿ ಗುಜರಾತಿನ ಕಡೆಯಿಂದ ಇಳಿದು 1864ರ ನವೆಂಬರ್‌ನಲ್ಲಿ ಗ್ರಾಂಟ್ ರೋಡ್ ಮುಟ್ಟಿತು. ಆಗ ಅಮೆರಿಕದ ಅಂತರ್ಯುದ್ಧದ ಕಾಲ. ಹತ್ತಿಯ ಬೆಲೆ ಗಗನಕ್ಕೇರಿತ್ತು, ಬಂದ ಹಣ ಕಡಲು ತುಂಬಿಸುವ ಕಂಪನಿಗಳಿಗೆ ಹರಿದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಬ್ಯಾಕ್ ಬೇ ರಿಕ್ಲಮೇಶನ್ ಕಂಪನಿಯೂ ಮುಳುಗಿತು. ಆದರೂ ಬ್ಯಾಕ್ ಬೇ ಕೊಲ್ಲಿಯ ಅಂಚಿನಲ್ಲಿ ತುಂಬಿಸಿದ್ದ ಕಿರಿದಾದ ನೆಲದ ಪಟ್ಟಿಯೊಂದು ಉಳಿಯಿತು. ದಕ್ಷಿಣಕ್ಕೆ ಮುಂದುವರಿದ ರೈಲು ಹಾದುಹೋದದ್ದು ಆ ಪಟ್ಟಿಯ ಮೇಲೆಯೇ. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್ ಬೇ ನಿಲ್ದಾಣಕ್ಕೆ ಈ ರೈಲ್ವೆ ಕಂಪನಿಯ ಮೊದಲ ಉಪನಗರ ರೈಲು ಓಡಿತು. 1870ರಲ್ಲಿ ಚರ್ಚ್‌ಗೇಟ್, ಅದಾಗಿ ಕೆಲವೇ ವರ್ಷಗಳಲ್ಲಿ ಕೊಲಾಬಾ. ಕೊಲಾಬಾ ಆಗ ನಗರದ ಹತ್ತಿ ಮಾರುಕಟ್ಟೆ. ಗುಜರಾತಿನ ಹತ್ತಿ ಇಳಿಸಿಕೊಳ್ಳಲು ಅದಕ್ಕಿಂತ ಅನುಕೂಲದ ಕೊನೆ ನಿಲ್ದಾಣ ಇನ್ನೊಂದಿರಲಿಲ್ಲ. 1896ರಲ್ಲಿ ಪ್ರಯಾಣಿಕರಿಗಾಗಿ ಹೊಸ ನಿಲ್ದಾಣವೂ ಸಿದ್ಧವಾಯಿತು.

ಮರೈನ್ ಲೈನ್ಸ್‌ನಿಂದ ಚರ್ಚ್‌ಗೇಟ್‌ಗೆ ಹೋಗುವಾಗ ಬಲಗಡೆಯ ಕಿಟಕಿಯಿಂದ ನೋಡಿದರೆ ಇಂದು ಕಾಣುವುದು ಕಟ್ಟಡಗಳ ಬೆನ್ನು. ಅವುಗಳಾಚೆ ಮರೈನ್ ಡ್ರೈವ್, ಅದರಾಚೆ ನೀರು. ನೂರೈವತ್ತು ವರ್ಷಗಳ ಹಿಂದಿನ ಪ್ರಯಾಣಿಕನಿಗೆ ಅದೇ ಕಿಟಕಿಯಾಚೆ ನೇರವಾಗಿ ಅರಬ್ಬಿ ಸಮುದ್ರ ಕಾಣುತ್ತಿತ್ತು. ಕೊಲಾಬಾ ನಿಲ್ದಾಣದ ಹಣೆಬರಹವನ್ನು ನಿರ್ಧರಿಸಿದ್ದು ಹಳಿಗೂ ನೀರಿಗೂ ನಡುವೆ ಹೀಗೆ ಎದ್ದ ನೆಲ.

1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ ಬ್ಯಾಕ್ ಬೇ ತುಂಬಿಸುವ ಕೆಲಸ ಮತ್ತೆ ಶುರುವಾಯಿತು, ಈ ಸಲ ಸರ್ಕಾರದ್ದೇ ಯೋಜನೆಯಾಗಿ. ವೆಚ್ಚ ಅಳತೆ ಮೀರಿತು; ವಕೀಲ ಕೆ. ಎಫ್. ನಾರಿಮನ್ ಅದರ ಅವ್ಯವಹಾರಗಳನ್ನು ಎತ್ತಿ ಆಡಿದರು. ಉದ್ದೇಶಿಸಿದ್ದ ಎಂಟು ಬ್ಲಾಕುಗಳಲ್ಲಿ ಆಗ ಕೈಗೂಡಿದ್ದು ನಾಲ್ಕು ಮಾತ್ರ. ಹೊಸ ನೆಲಕ್ಕೂ ಹಳೆಯ ಊರಿಗೂ ನಡುವೆ, ಓವಲ್ ಮೈದಾನದ ಪಕ್ಕದಲ್ಲಿ, ರೈಲು ಹಳಿ ಗೋಡೆಯಂತೆ ಬಿದ್ದಿತ್ತು. ನಿವೇಶನಕ್ಕೆ ಬೆಲೆ ಬರಬೇಕಾದರೆ ಹಳಿ ಏಳಬೇಕಿತ್ತು. ಸರ್ಕಾರ ಆ ನೆಲವನ್ನು ಬಿಟ್ಟುಕೊಡುವಂತೆ ಕೇಳಿತು.

ಇದಕ್ಕೆ ಎದುರಾಗಿ ರೈಲ್ವೆಯ ಕಡೆಯ ದಿನಾಂಕಗಳನ್ನು ಇಡೋಣ. 1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿವರೆಗೆ ವಿದ್ಯುತ್ ರೈಲು ಓಡಿತು. ಜನ ಹತ್ತದ ಮಾರ್ಗಕ್ಕೆ ಯಾವ ಕಂಪನಿಯೂ ಕೊನೆ ನಿಲ್ದಾಣದವರೆಗೆ ತಂತಿ ಎಳೆಯುವುದಿಲ್ಲ. 1930ರ ಡಿಸೆಂಬರ್ 18ರಂದು, ಬೆಲ್ಲಾಸಿಸ್ ರೋಡ್ ಬಳಿ, ಕ್ಲಾಡ್ ಬ್ಯಾಟ್ಲಿ ವಿನ್ಯಾಸದ ಬಾಂಬೆ ಸೆಂಟ್ರಲ್ ಉದ್ಘಾಟನೆಯಾಯಿತು. ಅದಾಗಿ ಎರಡು ವಾರ ತುಂಬುವ ಮೊದಲೇ ಕೊಲಾಬಾ ಮುಚ್ಚಿತು. ದೂರದ ರೈಲುಗಳಿಗೆ ಬದಲಿ ನಿಲ್ದಾಣ ಕಟ್ಟಿ, ಅದು ಸಿದ್ಧವಾದ ಮೇಲೆ ಹಳೆಯದನ್ನು ಬಿಟ್ಟ ಕ್ರಮವಿದು. ಲೋಕಲ್ ಪ್ರಯಾಣಿಕರಿಗೆ ಮಾತ್ರ ಬದಲಿ ಸಿಗಲಿಲ್ಲ; ಅವರ ರೈಲು ಚರ್ಚ್‌ಗೇಟ್‌ನಲ್ಲೇ ನಿಂತಿತು. ದೂರದ ರೈಲೊಂದೂ ಹೊರಡದ, ಬರಿಯ ಲೋಕಲ್‌ಗಳ ಟರ್ಮಿನಸ್ ಎಂಬ ಚರ್ಚ್‌ಗೇಟ್‌ನ ಇಂದಿನ ಸ್ವರೂಪ ಈ ತೀರ್ಮಾನದ ಫಲ.

ಓವಲ್‌ನ ಪಶ್ಚಿಮಕ್ಕೆ 1930ರ ದಶಕದಲ್ಲಿ ಎದ್ದ ಆರ್ಟ್ ಡೆಕೊ ಕಟ್ಟಡಗಳ ಸಾಲು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಕಟ್ಟಡಗಳ ಚೆಲುವನ್ನು ಬಣ್ಣಿಸುವಾಗ, ಅವಕ್ಕೆ ದಾರಿ ಬಿಟ್ಟ ರೈಲನ್ನೂ ನೆನೆಯುವುದು ನ್ಯಾಯ. ಕೊಲಾಬಾ ನಿಲ್ದಾಣವಿದ್ದ ಜಾಗದಲ್ಲಿ ಈಗ ರೈಲ್ವೆ ಅಧಿಕಾರಿಗಳ ವಸತಿ ಬಡಾವಣೆ ಬಧ್ವಾರ್ ಪಾರ್ಕ್ ಇದೆ. 2025ರ ಅಕ್ಟೋಬರ್‌ನಲ್ಲಿ ಮೆಟ್ರೊ ಮೂರನೆಯ ಮಾರ್ಗ ಕಫ್ ಪರೇಡ್‌ವರೆಗೆ ತೆರೆದುಕೊಂಡಿತು. ಚರ್ಚ್‌ಗೇಟ್‌ನ ದಕ್ಷಿಣಕ್ಕೆ ನಗರದ ಜನ ಮತ್ತೆ ರೈಲಿನಲ್ಲಿ ಹೋಗುವಂತಾದದ್ದು ಆಗಲೇ, ಸುಮಾರು 95 ವರ್ಷಗಳ ನಂತರ, ಅದೂ ನೆಲದಡಿಯಲ್ಲಿ.