ಗೈರುಹಾಜರಾದ ಒಂದು ಕಡತ

ಓಪನ್‌ಸೀನ್‌ಗ್ರಾಫ್ ಎಂಬ ತ್ರೀಡಿ ಗ್ರಾಫಿಕ್ಸ್ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದವರಿಗೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಕಂಪೈಲ್ ಆಗುತ್ತದೆ, ಲಿಂಕ್ ಆಗುತ್ತದೆ. ಓಡಿಸಿದರೆ ಮಾತ್ರ ವಿಂಡೋ ತೆರೆಯುವುದಿಲ್ಲ. ವಿಂಡೋ ಸಿಸ್ಟಮ್ ಇಂಟರ್‌ಫೇಸ್ ಲಭ್ಯವಿಲ್ಲ ಎಂಬ ಒಂದು ಸಾಲಿನ ದೂರು ಟರ್ಮಿನಲ್‌ನಲ್ಲಿ ಕಾಣುತ್ತದೆ. ಅದೇ ಕೋಡನ್ನು ಡೈನಮಿಕ್ ಲೈಬ್ರರಿಯೊಂದಿಗೆ ಲಿಂಕ್ ಮಾಡಿದರೆ ವಿಂಡೋ ಸಲೀಸಾಗಿ ತೆರೆದುಕೊಳ್ಳುತ್ತದೆ. ಲಿನಕ್ಸ್ ಯಂತ್ರವೊಂದರಲ್ಲಿ ನಾನು ಈ ವಿರೋಧಾಭಾಸದ ಬೆನ್ನು ಹತ್ತಿದೆ.

ಮೊದಲ ಅನುಮಾನ ಎಕ್ಸ್ ಸರ್ವರ್ ಮೇಲೆ. ಆದರೆ ಡೈನಮಿಕ್ ಆವೃತ್ತಿ ಅದೇ ಪರದೆಯ ಮೇಲೆ ಓಡುತ್ತಿದ್ದುದರಿಂದ ಅದು ನಿಲ್ಲಲಿಲ್ಲ. ಎರಡನೆಯದು ಲೈಬ್ರರಿಗಳನ್ನು ಲಿಂಕರ್‌ಗೆ ಕೊಟ್ಟ ಕ್ರಮ. ಅದು ತಪ್ಪಿದ್ದರೆ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಅಲ್ಲೇ ತಡೆಯುತ್ತಿತ್ತು. ಅದು ಚಕಾರವೆತ್ತಿರಲಿಲ್ಲ. ಎರಡು ದಾರಿಯೂ ಮುಚ್ಚಿದವು.

ಹಾಗಾಗಿ ದೂರು ಹುಟ್ಟುವ ಜಾಗವನ್ನೇ ಓದಬೇಕಾಯಿತು. ಓಪನ್‌ಸೀನ್‌ಗ್ರಾಫ್‌ನ 2007ರ 2.0 ಆವೃತ್ತಿಯೊಂದಿಗೆ ಬಂದ ಓಎಸ್‌ಜಿವ್ಯೂವರ್ ಎಂಬ ಭಾಗ, ವಿಂಡೋ ತೆರೆಯುವ ಮುನ್ನ ಯಾವುದಾದರೂ ವಿಂಡೋ ವ್ಯವಸ್ಥೆ ಹೆಸರು ನೋಂದಾಯಿಸಿದೆಯೇ ಎಂದು ನೋಡುತ್ತದೆ. ಲಿನಕ್ಸ್‌ನಲ್ಲಿ ನೋಂದಾಯಿಸುವುದು ‘ಗ್ರಾಫಿಕ್ಸ್‌ವಿಂಡೋಎಕ್ಸ್11’ ಎಂಬ ಕಡತ. ಅದರೊಳಗಿನ ಒಂದು ಗ್ಲೋಬಲ್ ಆಬ್ಜೆಕ್ಟ್ ‘ಮೇನ್’ ಶುರುವಾಗುವ ಮೊದಲೇ ಆ ಕೆಲಸ ಮುಗಿಸಬೇಕು. ಅಂದರೆ ದೂರು ಯಂತ್ರದ ಬಗ್ಗೆ ಅಲ್ಲ, ಪ್ರೋಗ್ರಾಂ ಬಗ್ಗೆ. ನೋಂದಣಿ ನಡೆದಿಲ್ಲ. ಏಕೆ?

ಒಂದು ವಾದ ಹೀಗಿದೆ: ಇಂಥ ಆಬ್ಜೆಕ್ಟ್‌ಗಳ ಆರಂಭವನ್ನು ‘ಮೇನ್’ ನಂತರಕ್ಕೆ ಮುಂದೂಡಲು ಸಿ++ ಮಾನಕದಲ್ಲಿ ಅವಕಾಶವಿದೆ. ಮಾತು ನಿಜ. ಆದರೆ ಆ ಕಡತ ಪ್ರೋಗ್ರಾಂ ಒಳಗಿದ್ದರೆ ಮಾತ್ರ ಈ ವಾದಕ್ಕೆ ಬೆಲೆ. ‘ಎನ್‌ಎಂ’ ಉಪಕರಣದಿಂದ ಲೈಬ್ರರಿಯ ಆರ್ಕೈವ್ ಪರಿಶೀಲಿಸಿದಾಗ ನೋಂದಣಿಯ ಸಿಂಬಲ್ ಇತ್ತು. ಸಿದ್ಧವಾದ ಪ್ರೋಗ್ರಾಂನಲ್ಲಿ ಇರಲಿಲ್ಲ. ಕಣಜದಲ್ಲಿದ್ದದ್ದು ಎಲೆಗೆ ಬಂದಿರಲಿಲ್ಲ.

ಗುಟ್ಟು ರಟ್ಟಾದದ್ದು ಲಿಂಕರ್ ಬರೆದುಕೊಡುವ ಮ್ಯಾಪ್ ಕಡತದಲ್ಲಿ. ಆರ್ಕೈವ್‌ನಿಂದ ಯಾವ ಆಬ್ಜೆಕ್ಟ್ ಕಡತವನ್ನು ತೆಗೆದುಕೊಂಡೆ, ಯಾರು ಯಾವ ಸಿಂಬಲ್ ಕೇಳಿದ್ದಕ್ಕೆ ತೆಗೆದುಕೊಂಡೆ ಎಂದು ಲಿಂಕರ್ ಅದರಲ್ಲಿ ಒಂದೊಂದಾಗಿ ದಾಖಲಿಸುತ್ತದೆ. ಆ ಪಟ್ಟಿಯಲ್ಲಿ ಗ್ರಾಫಿಕ್ಸ್‌ವಿಂಡೋಎಕ್ಸ್11 ಇರಲೇ ಇಲ್ಲ. ಕಾರಣ ಸರಳ: ಅದರ ಒಂದು ಸಿಂಬಲ್ಲನ್ನೂ ಯಾರೂ ಕೇಳಿರಲಿಲ್ಲ, ಕೇಳದ್ದನ್ನು ಲಿಂಕರ್ ಆರ್ಕೈವ್‌ನಿಂದ ತರುವುದಿಲ್ಲ. ಡೈನಮಿಕ್ ಲೈಬ್ರರಿಯಾದರೋ ಇಡಿಯಾಗಿ ಲೋಡ್ ಆಗುತ್ತದೆ; ಯಾರು ಕೇಳಲಿ ಬಿಡಲಿ, ಅದರ ಕನ್‌ಸ್ಟ್ರಕ್ಟರ್‌ಗಳು ಓಡುತ್ತವೆ.

ಪರಿಹಾರ ಲೈಬ್ರರಿಯಲ್ಲೇ ಇದೆ. ‘ಯೂಸ್_ಗ್ರಾಫಿಕ್ಸ್‌ವಿಂಡೋ’ ಎಂಬ ಮ್ಯಾಕ್ರೋವನ್ನು ಮುಖ್ಯ ಕಡತದಲ್ಲಿ ಬರೆದರೆ ವಿಂಡೋ ತೆರೆಯುತ್ತದೆ. ಆದರೆ ಗುಣವಾಯಿತು ಎಂದಮಾತ್ರಕ್ಕೆ ರೋಗ ತಿಳಿಯಿತು ಎನ್ನಲಾಗದು. ಮ್ಯಾಕ್ರೋ ಬೇರೇನನ್ನೋ ಮಾಡುತ್ತಿರಬಹುದು. ಆದ್ದರಿಂದ ಅದನ್ನು ತೆಗೆದು, ಓಎಸ್‌ಜಿವ್ಯೂವರ್ ಆರ್ಕೈವನ್ನು ‘ಹೋಲ್ ಆರ್ಕೈವ್’ ಆಯ್ಕೆಯೊಂದಿಗೆ ಪೂರ್ತಿಯಾಗಿ ಸೇರಿಸಿದೆ. ಆಗಲೂ ವಿಂಡೋ ತೆರೆಯಿತು. ಮ್ಯಾಕ್ರೋ ಮರಳಿ ಬಂದಾಗ ಮ್ಯಾಪ್‌ನಲ್ಲಿ ಕಡತದ ಹೆಸರೂ, ಅದನ್ನು ಕೇಳಿದ ಮುಖ್ಯ ಕಡತದ ಹೆಸರೂ ಒಟ್ಟಿಗೆ ಕಂಡವು. ಎರಡು ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದ್ದರಿಂದ, ಕಾರಣ ಕಡತದ ಗೈರುಹಾಜರಿಯೇ ಎಂದು ಧೈರ್ಯವಾಗಿ ಹೇಳಬಹುದು.

ಇದೇ ನಿಯಮ ಪ್ಲಗಿನ್‌ಗಳಿಗೂ ಅನ್ವಯಿಸುತ್ತದೆ. ವಿಂಡೋ ತೆರೆದ ಮೇಲೂ ಮಾಡೆಲ್ ಲೋಡ್ ಆಗದಿದ್ದರೆ ಆಯಾ ಪ್ಲಗಿನ್‌ಗೆ ‘ಯೂಸ್_ಓಎಸ್‌ಜಿಪ್ಲಗಿನ್’ ಬರೆಯಬೇಕು. ಲಿಂಕರ್ ಸುಮ್ಮನಿದೆ ಎಂದರೆ ಕೇಳಿದ್ದೆಲ್ಲ ಸಿಕ್ಕಿತು ಎಂದಷ್ಟೇ ಅರ್ಥ, ಬೇಕಾದದ್ದೆಲ್ಲ ಬಂತು ಎಂದಲ್ಲ. ಸ್ಟ್ಯಾಟಿಕ್ ಬಿಲ್ಡ್ ಹೀಗೆ ಕೈಕೊಟ್ಟಾಗ ಡ್ರೈವರನ್ನೋ ಪರದೆಯನ್ನೋ ಶಂಕಿಸುವ ಮುನ್ನ ಮ್ಯಾಪ್ ಕಡತವನ್ನು ತೆರೆದು ಓದಿ.