ಪ್ಯಾರಿಸ್ಸಿನ ಅಳತೆಗೋಲು, ಧಾರವಾಡದ ಮಕ್ಕಳು: ಬುದ್ಧಿಶಕ್ತಿಗೆ ಮಿತಿ ಹಾಕಿದ ಶತಮಾನದ ಕಥೆ

ಫ್ರಾನ್ಸಿನಲ್ಲಿ 1882ರ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಮೇಲೆ, ಅದುವರೆಗೆ ಶಾಲೆಯ ಹೊಸ್ತಿಲನ್ನೇ ಕಾಣದಿದ್ದ ಮನೆಗಳ ಮಕ್ಕಳೂ ತರಗತಿಗೆ ಬಂದರು. ಅವರಲ್ಲಿ ಕೆಲವರಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಹಾಗೆ ಹಿಂದೆ ಬಿದ್ದವರನ್ನು ಏನು ಮಾಡಬೇಕು ಎಂದು ತೀರ್ಮಾನಿಸಲು ಫ್ರೆಂಚ್ ಶಿಕ್ಷಣ ಇಲಾಖೆ 1904ರಲ್ಲಿ ಒಂದು ಆಯೋಗ ನೇಮಿಸಿತು. ಉಪಾಧ್ಯಾಯರ ಮಾತನ್ನಷ್ಟೇ ನಂಬುವಂತಿರಲಿಲ್ಲ. ಗಲಾಟೆ ಮಾಡುವ ಹುಡುಗನನ್ನು ಸಾಗಹಾಕಲು ಅವನಿಗೆ 'ದಡ್ಡ' ಎಂಬ ಪಟ್ಟ ಕಟ್ಟುವುದು ಸುಲಭವಿತ್ತು. ಆಯೋಗದ ಸದಸ್ಯರಲ್ಲಿ ಒಬ್ಬರಾಗಿದ್ದ ಆಲ್ಫ್ರೆಡ್ ಬಿನೆ ಈ ಪ್ರಶ್ನೆಯನ್ನು ತಮ್ಮ ಪ್ರಯೋಗಶಾಲೆಗೆ ಒಯ್ದರು.

1857ರಲ್ಲಿ ನೀಸ್ ಪಟ್ಟಣದಲ್ಲಿ ಹುಟ್ಟಿದ ಬಿನೆ ಕಾನೂನು ಓದಿ ಮನೋವಿಜ್ಞಾನಕ್ಕೆ ಬಂದವರು. ತಲೆಯ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿದೆ ಎಂಬುದು ಆ ಕಾಲದ ವಿದ್ವಾಂಸರ ಗಟ್ಟಿ ನಂಬಿಕೆ. ಬಿನೆಯೂ ಅದನ್ನು ನಂಬಿ ಶಾಲಾ ಮಕ್ಕಳ ತಲೆ ಅಳೆದರು. ಜಾಣರಿಗೂ ಹಿಂದುಳಿದವರಿಗೂ ನಡುವೆ ಸಿಕ್ಕ ಅಂತರ ಮಿಲಿಮೀಟರುಗಳ ಲೆಕ್ಕದ್ದು. ಅಷ್ಟೇ ಅಲ್ಲ, ಯಾರು ಜಾಣ ಎಂದು ಮೊದಲೇ ತಿಳಿದಿದ್ದರೆ ಅಳೆಯುವ ಕೈಯೇ ತನಗೆ ಬೇಕಾದತ್ತ ವಾಲುತ್ತದೆ ಎಂಬ ಗುಮಾನಿ ಅವರಿಗೆ ಬಂತು. ಆ ಗುಮಾನಿಯನ್ನು ಅಚ್ಚಿನಲ್ಲಿ ಒಪ್ಪಿಕೊಂಡು ಆ ದಾರಿಯನ್ನೇ ಅವರು ಕೈಬಿಟ್ಟರು. ಮುಂದೆ ಈ ಕ್ಷೇತ್ರದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪವಾಯಿತು.

1905ರಲ್ಲಿ ಬಿನೆ ಮತ್ತು ವೈದ್ಯ ಥಿಯೊಡೋರ್ ಸಿಮೊನ್ ಮೂವತ್ತು ಕೆಲಸಗಳ ಒಂದು ಪಟ್ಟಿ ಪ್ರಕಟಿಸಿದರು. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು, ಹೇಳಿದ ಅಂಕಿಗಳನ್ನು ಮರಳಿ ಹೇಳುವುದು, ಎರಡು ವಸ್ತುಗಳ ವ್ಯತ್ಯಾಸ ತಿಳಿಸುವುದು ಹೀಗೆ ಸುಲಭದಿಂದ ಕಠಿಣದತ್ತ ಏರುವ ಪಟ್ಟಿ ಅದು. 1908ರ ಪರಿಷ್ಕರಣೆಯಲ್ಲಿ ಈ ಕೆಲಸಗಳನ್ನು ಮೂರರಿಂದ ಹದಿಮೂರರವರೆಗಿನ ವಯಸ್ಸಿಗೆ ಹೊಂದಿಸಲಾಯಿತು. ಎಂಟು ವರ್ಷದ ಮಗು ಆರು ವರ್ಷದವರ ಕೆಲಸಗಳನ್ನಷ್ಟೇ ಮಾಡಬಲ್ಲುದಾದರೆ ಅದು ಎರಡು ವರ್ಷ ಹಿಂದಿದೆ ಎಂದರ್ಥ. ಇದು ಆ ಮಗುವಿನ ಇಂದಿನ ಸ್ಥಿತಿ. ನಾಳೆ ಏನಾದೀತು ಎಂಬುದನ್ನು ಈ ಅಳತೆ ಹೇಳುವುದಿಲ್ಲ ಎಂಬ ವಿಷಯದಲ್ಲಿ ಬಿನೆಗೆ ಗೊಂದಲವಿರಲಿಲ್ಲ.

ಬುದ್ಧಿಶಕ್ತಿ ಹುಟ್ಟಿನಿಂದಲೇ ಇಷ್ಟೆಂದು ನಿಗದಿಯಾಗಿರುತ್ತದೆ, ಅದನ್ನು ಹೆಚ್ಚಿಸಲಾಗದು ಎನ್ನುವವರನ್ನು 1909ರ ತಮ್ಮ ಪುಸ್ತಕದಲ್ಲಿ ಅವರು ಕಟುವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಿಗಾಗಿ ವಿಶೇಷ ತರಗತಿ ತೆರೆಸಿ, 'ಮಾನಸಿಕ ಆರ್ಥೊಪೆಡಿಕ್ಸ್' ಎಂದು ಹೆಸರಿಟ್ಟು ವ್ಯಾಯಾಮಗಳನ್ನು ಆರಂಭಿಸಿದರು. ಪ್ರತಿಮೆಯಂತೆ ಅಲುಗಾಡದೆ ನಿಲ್ಲುವುದು, ಒಂದು ಕ್ಷಣ ತೋರಿಸಿ ಮುಚ್ಚಿದ ವಸ್ತುಗಳನ್ನು ನೆನಪಿನಿಂದ ಹೇಳುವುದು ಇಂಥವೇ ಆ ವ್ಯಾಯಾಮಗಳು. ಪಾಠಕ್ಕೆ ಮೊದಲು ಗಮನ ಕೊಡುವುದನ್ನು ಕಲಿಸಬೇಕು, ಕಲಿಯುವುದನ್ನೇ ಕಲಿಸಬೇಕು ಎಂಬುದು ಅವರ ನಿಲುವು. 1911ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಅವರ ಅಳತೆಗೋಲು ಅಟ್ಲಾಂಟಿಕ್ ದಾಟಿತ್ತು.

ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಮಂದಬುದ್ಧಿಯವರ ಶಾಲೆಯೊಂದಿತ್ತು. ಅಲ್ಲಿದ್ದ ಹೆನ್ರಿ ಗೊಡಾರ್ಡ್ ಈ ಪರೀಕ್ಷೆಯನ್ನು ಇಂಗ್ಲಿಷಿಗೆ ತಂದರು. ಬಿನೆಯ ಪ್ರಶ್ನೆಗಳನ್ನು ಎತ್ತಿಕೊಂಡ ಗೊಡಾರ್ಡ್, ಬಿನೆಯ ಎಚ್ಚರಿಕೆಯನ್ನು ಮಾತ್ರ ಹಿಂದೆ ಬಿಟ್ಟರು. ಬುದ್ಧಿಮಾಂದ್ಯ ವಂಶಪಾರಂಪರ್ಯವಾಗಿ ಬರುತ್ತದೆ, ಆದ್ದರಿಂದ ಅಂಥವರಿಗೆ ಮಕ್ಕಳಾಗದಂತೆ ತಡೆಯಬೇಕು ಎಂಬುದು ಅವರ ವಾದ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಆಗಷ್ಟೇ ಇಳಿದು ದಣಿದಿದ್ದ, ಇಂಗ್ಲಿಷ್ ಬಾರದ ವಲಸಿಗರ ಮೇಲೂ ಈ ಪರೀಕ್ಷೆ ನಡೆಯಿತು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಸೂತ್ರ ಕೊಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು 100ರಿಂದ ಗುಣಿಸಿ ಬಳಕೆಗೆ ತಂದರು. ಬುದ್ಧಿಲಬ್ಧ ಅಥವಾ ಐಕ್ಯೂ ಎಂಬ ಒಂದೇ ಅಂಕಿ ಹೀಗೆ ಮಗುವಿನ ಹೆಸರಿಗೆ ಅಂಟಿಕೊಂಡಿತು. ಮೊದಲ ಮಹಾಯುದ್ಧದ ವೇಳೆ 17 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಇಂಥ ಲಿಖಿತ ಪರೀಕ್ಷೆಗೆ ಕುಳಿತರು. ಹೆಚ್ಚು ವರ್ಷ ಶಾಲೆಗೆ ಹೋದವರಿಗೆ ಹೆಚ್ಚು ಅಂಕ ಬಂದಿತ್ತು. ಹುಟ್ಟಾ ಬುದ್ಧಿ ಇದ್ದವರು ಹೆಚ್ಚು ಓದಿದ್ದಾರೆ ಎಂದು ಪರೀಕ್ಷಕರು ಅದನ್ನು ಅರ್ಥೈಸಿದರು. ಓದಿದ್ದರಿಂದ ಅಂಕ ಹೆಚ್ಚಿರಬಹುದು ಎಂಬ ಸಾಧ್ಯತೆ ಬದಿಗೆ ಸರಿಯಿತು.

1921ರಲ್ಲಿ ಟರ್ಮನ್ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ಜೀವಮಾನದ ಅಧ್ಯಯನ ಶುರುಮಾಡಿದರು. ಪರೀಕ್ಷೆಯಲ್ಲಿ ಅಂಕ ಸಾಲದೆ ಆ ಗುಂಪಿಗೆ ಸೇರದೇ ಹೋದ ಇಬ್ಬರು ಹುಡುಗರು ವಿಲಿಯಂ ಶಾಕ್ಲೆ ಮತ್ತು ಲೂಯಿಸ್ ಆಲ್ವರೆಜ್. ಮುಂದೆ ಇಬ್ಬರೂ ಭೌತವಿಜ್ಞಾನದ ನೊಬೆಲ್ ಪಡೆದರು. ಆಯ್ಕೆಯಾದವರಲ್ಲಿ ಒಬ್ಬರಿಗೂ ಆ ಬಹುಮಾನ ಬರಲಿಲ್ಲ.

ಕನ್ನಡ ನಾಡಿಗೆ ಈ ಚಿಂತನೆ ಬಂದದ್ದು ಎರಡು ದಾರಿಗಳಿಂದ. ಬುದ್ಧಿಶಕ್ತಿಯ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ತರಬೇತಿ ಪಡೆದವರು ಎಂ. ವಿ. ಗೋಪಾಲಸ್ವಾಮಿ. ಮೈಸೂರಿಗೆ ಮರಳಿ 1924ರಲ್ಲಿ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ತೆರೆದ ಗೋಪಾಲಸ್ವಾಮಿ ಎಂದೇ ಕನ್ನಡಿಗರು ಅವರನ್ನು ಹೆಚ್ಚು ಬಲ್ಲರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸುವ ಕೆಲಸವೂ ಅವರಿಂದ ನಡೆಯಿತು.

ಎರಡನೆಯ ದಾರಿ ಧಾರವಾಡದ್ದು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಆ ಊರಿನಲ್ಲಿ ವಿ. ವಿ. ಕಾಮತ್ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ, ಯಾವ ವಯಸ್ಸಿನವರು ಯಾವ ಪ್ರಶ್ನೆಗೆ ಉತ್ತರಿಸುತ್ತಾರೆ ಎಂಬುದನ್ನು ಇಲ್ಲಿಯದೇ ಆಧಾರದ ಮೇಲೆ ನಿಗದಿಪಡಿಸಿದರು. 1934ರಲ್ಲಿ ಬ್ರಿಟಿಷ್ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಲೇಖನ, 1940ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಪುಸ್ತಕ ಹೊರಬಂದವು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅದರ ಅಂಕವನ್ನು ಆಧರಿಸುವುದುಂಟು. ಅಮೆರಿಕದ ಮಕ್ಕಳ ಮಟ್ಟವನ್ನು ಇಲ್ಲಿಯ ಮಕ್ಕಳ ಮೇಲೆ ಹೇರಲಾಗದು ಎಂದು ಧಾರವಾಡದಲ್ಲಿ ಕುಳಿತು ತೋರಿಸಿದ್ದು ದೊಡ್ಡ ಕೆಲಸ. ಅಂಕ ಮಗುವಿನ ಮಿದುಳಿಗಷ್ಟೇ ಸೇರಿದ್ದಲ್ಲ, ಅದು ಬೆಳೆದ ಭಾಷೆ ಮತ್ತು ಪರಿಸರಕ್ಕೂ ಸೇರಿದ್ದು ಎಂಬುದು ಆ ಪರಿಷ್ಕರಣೆಯಲ್ಲೇ ಅಡಗಿತ್ತು.

ಅದೇ ದಶಕದಲ್ಲಿ ಅಮೆರಿಕದ ಐಯೋವಾ ರಾಜ್ಯದಲ್ಲಿ ನಡೆದದ್ದನ್ನು ವಿವರವಾಗಿಯೇ ಹೇಳಬೇಕು. ಡೇವನ್‌ಪೋರ್ಟಿನ ಸರಕಾರಿ ಅನಾಥಾಲಯದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಸ್ಕೀಲ್ಸ್. ಅಲ್ಲಿ ಶಿಶುಗಳಿಗೆ ಹಾಲು, ಶುಚಿತ್ವ, ಔಷಧಿಗೆ ಕೊರತೆಯಿರಲಿಲ್ಲ. ಎತ್ತಿಕೊಳ್ಳುವವರು, ಮಾತಾಡಿಸುವವರು ಇರಲಿಲ್ಲ. ಹದಿಮೂರು ಮತ್ತು ಹದಿನಾರು ತಿಂಗಳ ಇಬ್ಬರು ಹೆಣ್ಣುಮಕ್ಕಳು ಆರೇಳು ತಿಂಗಳ ಶಿಶುಗಳಷ್ಟು ಮಾತ್ರ ಬೆಳವಣಿಗೆ ಕಂಡಿದ್ದರು. ಇವರಿಗೆ ಭವಿಷ್ಯವಿಲ್ಲವೆಂದು ಬಗೆದು ಮಂದಬುದ್ಧಿಯ ಮಹಿಳೆಯರಿದ್ದ ಸಂಸ್ಥೆಗೆ ಸಾಗಿಸಲಾಯಿತು. ಕೆಲವು ತಿಂಗಳ ಬಳಿಕ ಸ್ಕೀಲ್ಸ್ ಆ ಸಂಸ್ಥೆಗೆ ಹೋದಾಗ ಅವರಿಬ್ಬರೂ ನಗುತ್ತ, ಓಡಾಡುತ್ತ ಇದ್ದರು. ಮತ್ತೆ ಪರೀಕ್ಷಿಸಿದಾಗ ಬೆಳವಣಿಗೆ ಸಾಮಾನ್ಯ ಮಕ್ಕಳ ಮಟ್ಟದತ್ತ ಏರಿತ್ತು. ಮಂದಬುದ್ಧಿಯವರೆಂದು ಸಮಾಜ ಕೂಡಿಹಾಕಿದ್ದ ಹೆಂಗಸರೇ ಆ ಕೂಸುಗಳನ್ನು ತಮ್ಮವೆಂದು ಆಡಿಸಿದ್ದರು. ಆರೈಕೆಯ ಸಿಬ್ಬಂದಿಯೂ ರಜೆಯ ದಿನ ಅವರನ್ನು ಹೊರಗೆ ಸುತ್ತಾಡಿಸುತ್ತಿದ್ದರು.

ಸ್ಕೀಲ್ಸ್ ಅಧಿಕಾರಿಗಳನ್ನು ಒಪ್ಪಿಸಿ ಇನ್ನಷ್ಟು ಶಿಶುಗಳನ್ನು 'ಅತಿಥಿ'ಗಳ ಹೆಸರಿನಲ್ಲಿ ಅಲ್ಲಿಗೆ ಕಳಿಸಿದರು. ಒಟ್ಟು ಹದಿಮೂರು ಮಕ್ಕಳ ಸರಾಸರಿ ಬುದ್ಧಿಲಬ್ಧ ಸುಮಾರು 64ರಿಂದ 92ಕ್ಕೆ ಏರಿತು. ಅನಾಥಾಲಯದಲ್ಲೇ ಉಳಿದಿದ್ದ ಹನ್ನೆರಡು ಮಕ್ಕಳ ದಾಖಲೆಗಳನ್ನು ಆಮೇಲೆ ಹೋಲಿಸಿ ನೋಡಿದಾಗ, ಸುಮಾರು 87ರಲ್ಲಿದ್ದ ಅವರ ಸರಾಸರಿ 60ರ ಆಸುಪಾಸಿಗೆ ಕುಸಿದಿತ್ತು. ಆರಂಭದಲ್ಲಿ ಮುಂದಿದ್ದವರು ಈ ಎರಡನೆಯ ಗುಂಪಿನವರೇ ಎಂಬುದನ್ನು ಮರೆಯಬಾರದು.

1939ರಲ್ಲಿ ಇದು ಪ್ರಕಟವಾದಾಗ ಟರ್ಮನ್ ಮತ್ತು ಅವರ ಬಳಗ ಹರಿಹಾಯ್ದರು. ಅವರ ಕೆಲವು ಆಕ್ಷೇಪಗಳು ನ್ಯಾಯವಾದವೇ ಆಗಿದ್ದವು. ಗುಂಪುಗಳು ತೀರ ಚಿಕ್ಕವು, ಹೋಲಿಕೆಯ ಗುಂಪನ್ನು ಮೊದಲೇ ಯೋಜಿಸಿರಲಿಲ್ಲ, ಶಿಶುಗಳ ಅಂಕ ಅಷ್ಟು ನಂಬಲರ್ಹವೂ ಅಲ್ಲ. ಆದರೆ ಆ ವಿಮರ್ಶೆಯ ಧ್ವನಿಯಲ್ಲಿ ವಿಧಾನದ ಚಿಂತೆಗಿಂತ, ಹೀಗಾಗಲು ಸಾಧ್ಯವೇ ಇಲ್ಲ ಎಂಬ ಹಟ ಜೋರಾಗಿತ್ತು. ಸ್ಕೀಲ್ಸ್ ಯುದ್ಧಸೇವೆಗೆ ಹೋದರು, ಸಂಶೋಧನೆ ಮೂಲೆ ಸೇರಿತು. ದಶಕಗಳ ನಂತರ ಅವರು ಆ ಇಪ್ಪತ್ತೈದು ಮಂದಿಯನ್ನೂ ಹುಡುಕಿಕೊಂಡು ಹೊರಟರು. 1966ರ ವರದಿಯ ಪ್ರಕಾರ ಮೊದಲ ಗುಂಪಿನ ಹದಿಮೂರರಲ್ಲಿ ಹನ್ನೊಂದು ಮಂದಿ ದತ್ತು ಹೋಗಿದ್ದರು, ಹದಿಮೂರೂ ಮಂದಿ ಸ್ವಂತ ಬದುಕು ಕಟ್ಟಿಕೊಂಡಿದ್ದರು. ಅವರ ಮಧ್ಯಮ ಮಟ್ಟದ ಓದು ಹನ್ನೆರಡನೆಯ ತರಗತಿ. ಎರಡನೆಯ ಗುಂಪಿನ ಮಧ್ಯಮ ಮಟ್ಟ ಮೂರನೆಯ ತರಗತಿಯನ್ನೂ ಮುಟ್ಟಿರಲಿಲ್ಲ. ಒಬ್ಬ ಹದಿಹರೆಯದಲ್ಲೇ ಸಂಸ್ಥೆಯೊಂದರಲ್ಲಿ ತೀರಿಕೊಂಡಿದ್ದ, ಕೆಲವರು ಇನ್ನೂ ಸಂಸ್ಥೆಗಳೊಳಗೇ ಇದ್ದರು. ಆ ಗುಂಪಿನಲ್ಲಿ ಒಬ್ಬ ಮಾತ್ರ ಮುದ್ರಣಾಲಯದ ಅಕ್ಷರ ಜೋಡಣೆಗಾರನಾಗಿ ಚೆನ್ನಾಗಿ ಬಾಳುತ್ತಿದ್ದ. ಕಿವಿ ಮಂದವೆಂದು ಅವನನ್ನು ಕಿವುಡರ ಶಾಲೆಗೆ ಸೇರಿಸಲಾಗಿತ್ತು, ಅಲ್ಲಿ ಅವನನ್ನು ಹಚ್ಚಿಕೊಂಡ ಮೇಲ್ವಿಚಾರಕಿಯೊಬ್ಬಳಿದ್ದಳು. ಉಳಿದ ಹನ್ನೊಂದು ಜೀವಗಳ ನಷ್ಟವನ್ನು ಯಾವ ಸಂಖ್ಯಾಶಾಸ್ತ್ರವೂ ಸಮರ್ಥಿಸಲಾರದು.

ಬ್ರಿಟನ್ನಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದನೆಯ ವಯಸ್ಸಿನ ಪರೀಕ್ಷೆಯೊಂದು ಮಕ್ಕಳನ್ನು ಬೇರೆಬೇರೆ ದರ್ಜೆಯ ಶಾಲೆಗಳಿಗೆ ವಿಂಗಡಿಸುತ್ತಿತ್ತು. ಆ ಏರ್ಪಾಡಿಗೆ ಬೌದ್ಧಿಕ ಬೆಂಬಲ ಕೊಟ್ಟವರು, ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎಂದು ವಾದಿಸಿದ ಮನೋವಿಜ್ಞಾನಿ ಸಿರಿಲ್ ಬರ್ಟ್. ಬೇರೆಬೇರೆಯಾಗಿ ಬೆಳೆದ ಅವಳಿಗಳ ಅವರ ಅಧ್ಯಯನದಲ್ಲಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಸಹಸಂಬಂಧದ ಅಂಕಿ 0.771ರಲ್ಲೇ ನಿಂತಿತ್ತು. ನಂಬಲಾಗದ ಈ ಸ್ಥಿರತೆಯನ್ನು 1974ರಲ್ಲಿ ಮನೋವಿಜ್ಞಾನಿ ಲಿಯಾನ್ ಕಾಮಿನ್ ಎತ್ತಿ ತೋರಿಸಿದರು. ಮೋಸವೋ ಅಜಾಗರೂಕತೆಯೋ ಎಂಬ ಚರ್ಚೆ ಮುಂದುವರಿದರೂ ಆ ದತ್ತಾಂಶವನ್ನು ಸಂಶೋಧಕರು ಕೈಬಿಟ್ಟರು.

ಆನಂತರ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜೇಮ್ಸ್ ಫ್ಲಿನ್ ಹಳೆಯ ಅಂಕಪಟ್ಟಿಗಳನ್ನು ಕೆದಕಿದರು. 1932ರಿಂದ 1978ರ ನಡುವೆ ಅಮೆರಿಕನ್ನರ ಸರಾಸರಿ ಬುದ್ಧಿಲಬ್ಧ 13.8 ಅಂಕ ಏರಿತ್ತು. 1987ರಲ್ಲಿ ಹದಿನಾಲ್ಕು ದೇಶಗಳಲ್ಲಿ ಇಂಥದೇ ಏರಿಕೆಯನ್ನು ಅವರು ತೋರಿಸಿದರು. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಹೀಗೆ ಬದಲಾಗಲಾರವು. ಬದಲಾದದ್ದು ಆಹಾರ, ಆರೋಗ್ಯ, ಶಾಲೆ, ಅಮೂರ್ತವಾಗಿ ಯೋಚಿಸಬೇಕಾದ ಬದುಕು. ಇದರ ಬಿಸಿ ಬಿನೆ-ಕಾಮತ್ ಪರೀಕ್ಷೆಗೂ ತಟ್ಟುತ್ತದೆ. ಸ್ವಾತಂತ್ರ್ಯಪೂರ್ವದ ಮಕ್ಕಳ ಮಟ್ಟಕ್ಕೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬುವ ಸಂಭವವಿದೆ, ನೆರವು ಸಿಗಬೇಕಾದ ಮಗು ಕೆಲವೇ ಅಂಕಗಳಿಂದ ಅದನ್ನು ಕಳೆದುಕೊಳ್ಳಬಹುದು. ಹೊಸ ಮಾನದಂಡಗಳು ಬೇಕೆಂದು ನಮ್ಮ ಮನೋವಿಜ್ಞಾನಿಗಳು ಕೇಳುತ್ತಿರುವುದು ಈ ಕಾರಣಕ್ಕೇ.

ಶಾಲೆ ಬುದ್ಧಿಯನ್ನು ಬೆಳೆಸುತ್ತದೆಯೇ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನಾರ್ವೆಯಲ್ಲಿ. ಅಲ್ಲಿ 1955ರಿಂದ 1972ರ ನಡುವೆ ಕಡ್ಡಾಯ ಶಿಕ್ಷಣವನ್ನು ಏಳು ವರ್ಷದಿಂದ ಒಂಬತ್ತಕ್ಕೆ ಏರಿಸಿದರು, ಒಂದೊಂದು ಪುರಸಭೆಯಲ್ಲಿ ಒಂದೊಂದು ವರ್ಷ. ಹತ್ತೊಂಬತ್ತರ ಹೊತ್ತಿಗೆ ಸೇನೆಯ ಪರೀಕ್ಷೆ ಬರೆಯುವ ಯುವಕರ ಅಂಕಗಳನ್ನು ಇದರೊಂದಿಗೆ ಹೋಲಿಸಿದಾಗ, ಹೆಚ್ಚುವರಿ ಓದಿನ ಪ್ರತಿ ವರ್ಷಕ್ಕೆ 3.7 ಅಂಕದ ಏರಿಕೆ ಕಂಡಿತು. 2018ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರತಿ ಶಾಲಾ ವರ್ಷಕ್ಕೆ ಒಂದರಿಂದ ಐದು ಅಂಕದ ಲಾಭ ಗುರುತಿಸಿತು. ಶಾಲೆಗೂ ಮೊದಲಿನ ಕಾರಣಗಳೂ ಇವೆ. ಗರ್ಭಿಣಿಗೆ ಅಯೋಡಿನ್ ಸಾಲದಿದ್ದರೆ ಕೂಸಿನ ಮಿದುಳಿಗೆ ಪೆಟ್ಟು ಬೀಳುತ್ತದೆ. ಕಾಂಗ್ರಾ ಕಣಿವೆಯ ಗಳಗಂಡ ಅಧ್ಯಯನದ ಬೆನ್ನಿಗೆ 1962ರಲ್ಲಿ ಆರಂಭವಾದ ಅಯೋಡಿನ್ ಉಪ್ಪಿನ ರಾಷ್ಟ್ರೀಯ ಕಾರ್ಯಕ್ರಮ ಆ ದೃಷ್ಟಿಯಲ್ಲಿ ಶಿಕ್ಷಣದ ಕಾರ್ಯಕ್ರಮವೂ ಹೌದು.

ಹಾಗಾದರೆ ಅನುವಂಶೀಯತೆ ಸುಳ್ಳೇ? ಅಲ್ಲ. ಅವಳಿಗಳ ಮೇಲೆ ನಡೆದ ನಂಬಲರ್ಹ ಅಧ್ಯಯನಗಳೂ ಅದರ ಪಾಲನ್ನು ತೋರಿಸಿವೆ. ಆದರೆ ಅನುವಂಶೀಯ ಎಂದ ಮಾತ್ರಕ್ಕೆ ಅಚಲ ಎಂದಾಗುವುದಿಲ್ಲ. ಎತ್ತರ ಅಪ್ಪ-ಅಮ್ಮನಿಂದ ಬರುತ್ತದೆ, ಆದರೂ ಒಳ್ಳೆಯ ಊಟ ಸಿಕ್ಕ ತಲೆಮಾರು ಹಿಂದಿನವರಿಗಿಂತ ಎತ್ತರವಾಗುತ್ತದೆ. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಅಮೆರಿಕದ ಏಳು ವರ್ಷದ ಅವಳಿಗಳಲ್ಲಿ ಕಂಡದ್ದು ಇನ್ನೂ ಸೂಕ್ಷ್ಮವಾದ ಸಂಗತಿ: ಅನುಕೂಲಸ್ಥರ ಮಕ್ಕಳ ಅಂಕದ ಅಂತರಕ್ಕೆ ಹೆಚ್ಚಾಗಿ ವಂಶವಾಹಿ ಕಾರಣ, ಬಡ ಮನೆಗಳಲ್ಲಿ ಬಹುಪಾಲು ಪರಿಸರವೇ ಕಾರಣ. ಮುಂದೆ ಅಮೆರಿಕದ ಇತರ ಅಧ್ಯಯನಗಳಲ್ಲಿ ಇದು ಮಂದವಾಗಿ ಕಂಡಿತು, ಯುರೋಪಿನಲ್ಲಿ ಹೆಚ್ಚುಕಡಿಮೆ ಕಾಣಲೇ ಇಲ್ಲ. ಬಡತನದ ತೀವ್ರತೆ ಎಲ್ಲೆಡೆ ಒಂದೇ ಅಲ್ಲವಲ್ಲ.

ಇತ್ತೀಚಿನ ಶಿಕ್ಷಕ ತರಬೇತಿಗಳಲ್ಲಿ ಕೇಳಿಬರುವ ಹೆಸರು ಅಮೆರಿಕದ ಮನೋವಿಜ್ಞಾನಿ ಕೆರೊಲ್ ಡ್ವೆಕ್. ಬುದ್ಧಿ ಬೆಳೆಯುತ್ತದೆ ಎಂದು ನಂಬಿದ ವಿದ್ಯಾರ್ಥಿ ಸೋಲಿಗೆ ಅಂಜದೆ ಹೆಚ್ಚು ಕಲಿಯುತ್ತಾನೆ ಎಂಬ ಅವರ ವಾದ 2006ರ 'ಮೈಂಡ್‌ಸೆಟ್' ಪುಸ್ತಕದಿಂದ ಜನಪ್ರಿಯವಾಯಿತು. ಸುಮಾರು ಹನ್ನೆರಡು ಸಾವಿರ ಅಮೆರಿಕನ್ ವಿದ್ಯಾರ್ಥಿಗಳ ಮೇಲಿನ 2019ರ ಪ್ರಯೋಗದಲ್ಲಿ, ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠ ಹಿಂದುಳಿದವರ ದರ್ಜೆಯನ್ನು ಸುಮಾರು 0.1 ಅಂಶದಷ್ಟು ಏರಿಸಿತು. ಸಹಪಾಠಿಗಳು ಕಷ್ಟದ ಕೆಲಸಕ್ಕೆ ಬೆಂಬಲವಾಗಿದ್ದ ಶಾಲೆಗಳಲ್ಲಿ ಪರಿಣಾಮ ಹೆಚ್ಚಿತ್ತು. ಅದೇ ವರ್ಷ ವರದಿಯಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಹೆಚ್ಚುವರಿ ಪ್ರಗತಿ ಕಾಣಲಿಲ್ಲ. ನಿನ್ನಿಂದಾಗುತ್ತದೆ ಎಂಬ ಮಾತಿಗೆ ಬೆಲೆಯಿದೆ. ಆದರೆ ಐಯೋವಾದ ಮಕ್ಕಳಿಗೆ ಸಿಕ್ಕಿದ್ದು ಮಾತಷ್ಟೇ ಅಲ್ಲ, ದಿನವಿಡೀ ಜೊತೆಗಿರುವ ಜನ. ನಾರ್ವೆಯ ಹುಡುಗರಿಗೆ ಎರಡು ಇಡೀ ವರ್ಷಗಳ ಪಾಠ.

ಕರ್ನಾಟಕದಲ್ಲಿ ಈ ಹಾದಿಗೆ ಹತ್ತಿರದ ಪ್ರಯತ್ನ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಮಾದರಿಯನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. ಇಲ್ಲಿ ಪಾಠವನ್ನು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ಒಡೆಯಲಾಗಿದೆ. ಸುಗ್ಗಿಯ ಕೆಲಸಕ್ಕೆಂದು ತಿಂಗಳುಗಟ್ಟಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ತರಗತಿ ಮುಂದೆ ಹೋಯಿತೆಂದು 'ದಡ್ಡ' ಆಗಬೇಕಿಲ್ಲ. 2009-10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ಈ ಪದ್ಧತಿ ಒಂದರಿಂದ ಮೂರನೆಯ ತರಗತಿಯವರೆಗೆ ಮಾತ್ರ ಇದೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ವೇಗ.