ಪ್ರದೇಶ ಅಧ್ಯಯನದ ಪದವಿಯಲ್ಲಿ ಅರಬ್ಬಿ: ಯಾವ ಅರಬ್ಬಿ?

ಪಶ್ಚಿಮ ಏಷ್ಯಾದ ಅಧ್ಯಯನಕ್ಕೆ ಮೀಸಲಾದ ಪದವಿಗಳಲ್ಲಿ ಅರಬ್ಬಿಯನ್ನು ಬರಿಯ ಸಾಧನವೆಂದು ಎಣಿಸುವುದು ರೂಢಿ. ರಾಜಕೀಯ, ಇತಿಹಾಸಗಳು ಮುಖ್ಯ ವಿಷಯ. ಭಾಷೆ ಅವುಗಳ ಊಳಿಗಕ್ಕೆ. ಆದರೆ ವಿದ್ಯಾರ್ಥಿ ಯಾವ ಅರಬ್ಬಿ ಕಲಿಯುತ್ತಾನೆ ಎನ್ನುವುದರ ಮೇಲೆಯೇ ಆ ಪ್ರದೇಶದ ಯಾವ ಮುಖ ಅವನಿಗೆ ಕಾಣುತ್ತದೆ ಎನ್ನುವುದು ನಿಂತಿದೆ ಎಂಬುದು ನನ್ನ ವಾದ.

ಈ ಪದವಿಗಳ ಹುಟ್ಟಿನಲ್ಲಿ ಸರ್ಕಾರಗಳ ಕೈ ದೊಡ್ಡದು. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಅಮೆರಿಕ ತಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಿಂದ ವಿಶ್ವವಿದ್ಯಾಲಯಗಳ ಭಾಷೆ ಮತ್ತು ಪ್ರದೇಶ ಕೇಂದ್ರಗಳಿಗೆ ಹಣ ಹರಿಯಿತು. ಬ್ರಿಟನ್ ಅದಕ್ಕೂ ಮೊದಲೇ, 1944ರಲ್ಲಿ, ಜೆರುಸಲೇಮಿನಲ್ಲಿ ತನ್ನ ಅಧಿಕಾರಿಗಳಿಗಾಗಿ ಅರಬ್ಬಿ ಕೇಂದ್ರವೊಂದನ್ನು ತೆರೆದಿತ್ತು. ಮುಂದೆ ಅದು ಲೆಬನಾನಿನ ಶೆಮ್ಲಾನ್ ಎಂಬ ಗುಡ್ಡದೂರಿಗೆ ಹೋಯಿತು. ಸೋವಿಯತ್ ಪರ ಬೇಹುಗಾರ ಜಾರ್ಜ್ ಬ್ಲೇಕ್ 1961ರಲ್ಲಿ ಅಲ್ಲಿ ಅರಬ್ಬಿ ಕಲಿಯುತ್ತಿದ್ದಾಗಲೇ ಅವನನ್ನು ಲಂಡನ್ನಿಗೆ ಕರೆಸಿ ಬಂಧಿಸಿದರು. ಕೇಂದ್ರಕ್ಕೆ ‘ಗೂಢಚಾರರ ಶಾಲೆ’ ಎಂಬ ಹೆಸರು ಅಂಟಿದ್ದರಲ್ಲಿ ಸೋಜಿಗವೇನಿಲ್ಲ.

ಪತ್ರಿಕೆ, ಕಡತ, ಬಾನುಲಿ ಸುದ್ದಿ ಅರ್ಥವಾಗಬೇಕೆಂಬುದು ಇಂಥ ಪೋಷಕರ ಮೊದಲ ಅಗತ್ಯ. ಅದಕ್ಕೆ ಬೇಕಾದದ್ದು ಫುಸ್‌ಹಾ, ಅಂದರೆ ಬರಹದ ಶಿಷ್ಟ ಅರಬ್ಬಿ. ಮನೆಯಲ್ಲಿ, ಸಂತೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ‘ನಿನಗೆ ಏನು ಬೇಕು?’ ಎನ್ನಲು ಫುಸ್‌ಹಾದಲ್ಲಿ ‘ಮಾಝಾ ತುರೀದ್’. ಕೈರೋದಲ್ಲಿ ‘ಆಯಿಝ್ ಏ’, ದಮಾಸ್ಕಸ್ಸಿನಲ್ಲಿ ‘ಶೂ ಬದ್ದಕ್’, ಮೊರಾಕ್ಕೋದಲ್ಲಿ ‘ಶ್ನು ಬ್ಗೀತಿ’. ಈ ಇಬ್ಬಗೆಯ ಸ್ಥಿತಿಯನ್ನು ಚಾರ್ಲ್ಸ್ ಫರ್ಗುಸನ್ 1959ರ ‘ಡೈಗ್ಲಾಸಿಯಾ’ ಲೇಖನದಲ್ಲಿ ವಿವರಿಸಿದರು. ಪಠ್ಯಕ್ರಮಗಳು ಅದನ್ನು ಬೋಧನೆಯ ತೊಡಕೆಂದಷ್ಟೇ ಕಂಡವು.

1995ರಲ್ಲಿ ಮೊದಲು ಬಂದು ಅಮೆರಿಕದ ತರಗತಿಗಳಲ್ಲಿ ವ್ಯಾಪಕವಾಗಿ ಬಳಕೆಯಾದ ‘ಅಲ್-ಕಿತಾಬ್’ ಪಠ್ಯವನ್ನೇ ನೋಡಿ. ಅದರ ನಾಯಕಿ ಮಹಾಳ ತಂದೆ ವಿಶ್ವಸಂಸ್ಥೆಯಲ್ಲಿ ಅನುವಾದಕ. ಹೀಗಾಗಿ ತರಕಾರಿಯ ಹೆಸರುಗಳಿಗಿಂತ ಮೊದಲೇ ‘ವಿಶ್ವಸಂಸ್ಥೆ’ಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂಬುದು ವಿದ್ಯಾರ್ಥಿಗೆ ಬಾಯಿಪಾಠ! ನಗು ಬಂದರೂ ಇದು ಆಕಸ್ಮಿಕವಲ್ಲ. ಪ್ರದೇಶವೆಂದರೆ ರಾಜ್ಯಾಡಳಿತ ಮತ್ತು ರಾಜತಂತ್ರ ಎಂಬ ಗ್ರಹಿಕೆ ಪದಪಟ್ಟಿಯೊಳಗೂ ಇಳಿದಿದೆ. ನಂತರದ ಆವೃತ್ತಿಗಳು ಈಜಿಪ್ಟಿನ ಮತ್ತು ಸಿರಿಯಾ ಸೀಮೆಯ ಆಡುನುಡಿಗಳಿಗೆ ಜಾಗ ಕೊಟ್ಟವು. ಕಾರ್ನೆಲ್ ವಿಶ್ವವಿದ್ಯಾಲಯ 1990ರಿಂದಲೇ ಫುಸ್‌ಹಾ ಮತ್ತು ಆಡುನುಡಿ ಎರಡನ್ನೂ ಒಟ್ಟಿಗೆ ಕಲಿಸತೊಡಗಿತ್ತು. ಆ ಮಾದರಿಯೇ ಸರಿಯೆಂದು ನನಗನ್ನಿಸುತ್ತದೆ.

ಫುಸ್‌ಹಾ ಅನಗತ್ಯ ಎಂದು ಇದರರ್ಥವಲ್ಲ. ದಫ್ತರುಗಳನ್ನೋ ಕಾದಂಬರಿಗಳನ್ನೋ ಓದುವವರಿಗೆ ಅದಿಲ್ಲದೆ ಗತಿಯಿಲ್ಲ. ಆದರೆ ಕೈರೋದ ಕಾರ್ಮಿಕರನ್ನು ಸಂದರ್ಶಿಸಬೇಕಾದ ಸಂಶೋಧಕ ಅದೊಂದನ್ನೇ ಕಲಿತು ಹೋದರೆ ಸಿಗುವುದು ವಕ್ತಾರರ ಮಾತು, ಓದಿದವರ ಮಾತು.

ಆಡುನುಡಿ ಕಲಿಯಲು ಅಲ್ಲಿಗೇ ಹೋಗಬೇಕು. ಆದರೆ ಎಲ್ಲಿಗೆ ಹೋಗಬಹುದು ಎಂಬುದನ್ನು ವಿಶ್ವವಿದ್ಯಾಲಯವೊಂದೇ ನಿರ್ಧರಿಸಲಾಗದು. ಬ್ರಿಟನ್ನಿನ ವಿದ್ಯಾರ್ಥಿಗಳು ವಿದೇಶವಾಸದ ವರ್ಷಕ್ಕೆ ನೆಚ್ಚಿಕೊಂಡಿದ್ದ ದಮಾಸ್ಕಸ್ 2011ರ ನಂತರ ಯುದ್ಧದಿಂದ ಕೈತಪ್ಪಿತು. 1967ರಿಂದ ಕೈರೋದಲ್ಲಿದ್ದ ಅಮೆರಿಕದ ಉನ್ನತ ಅರಬ್ಬಿ ಕಾರ್ಯಕ್ರಮದ ವಿದ್ಯಾರ್ಥಿಗಳನ್ನು 2013ರ ಗಲಭೆಯ ಬಳಿಕ ಅಮ್ಮಾನಿಗೆ ಕಳಿಸಲಾಯಿತು. ಹೀಗೆ, ಈಜಿಪ್ಟಿನ ಮೇಲೆ ಪ್ರಬಂಧ ಬರೆಯಲು ಹೊರಟವರು ಜೋರ್ಡಾನಿನ ಆಡುನುಡಿಯ ನಡುವೆ ಕಲಿಯಬೇಕಾಯಿತು.